ಹೂಳು ಸಾಗುವ ಕಾಲುವೆಗೆ ಅಕೌಸ್ಟಿಕ್ ಡಾಪ್ಲರ್ ವೆಲಾಸಿಮೀಟರ್: ಬಳಸಿದವರ ಕಣ್ಣಿನಲ್ಲಿ

ತೆರೆದ ಕಾಲುವೆಯಲ್ಲಿ ನೀರು ಹರಿಯುವಾಗ ತಳದ ಮರಳು ಯಾವಾಗ ಕದಲುತ್ತದೆ, ಎಷ್ಟು ಸಾಗುತ್ತದೆ ಎಂಬುದನ್ನು ಫ್ಲೂಮ್‌ನಲ್ಲಿ, ಅಂದರೆ ಪ್ರಯೋಗಾಲಯದ ಕೃತಕ ಕಾಲುವೆಯಲ್ಲಿ, ಅಭ್ಯಾಸ ಮಾಡುವವರು ಇಂದು ಬಹುತೇಕ ಕಣ್ಣುಮುಚ್ಚಿ ಕೊಳ್ಳುವ ಉಪಕರಣವೆಂದರೆ, ಶಬ್ದದ ಪ್ರತಿಧ್ವನಿಯಿಂದ ಹರಿವಿನ ವೇಗವನ್ನು ಅಳೆಯುವ ಅಕೌಸ್ಟಿಕ್ ಡಾಪ್ಲರ್ ವೆಲಾಸಿಮೀಟರ್, ಚಿಕ್ಕದಾಗಿ ಎಡಿವಿ. ನಾನು ಇಲ್ಲಿ ವಿಮರ್ಶಿಸುತ್ತಿರುವುದು ಅದರ ಅತ್ಯಂತ ಪ್ರಚಲಿತ ರೂಪವನ್ನು: 10 ಮೆಗಾಹರ್ಟ್ಸ್ ಆವರ್ತನದ, ನಡುವೆ ಒಂದು ಟ್ರಾನ್ಸ್‌ಮಿಟರ್ ಹಾಗೂ ಸುತ್ತ ನಾಲ್ಕು ರಿಸೀವರ್‌ಗಳಿರುವ, ಕೆಳಮುಖವಾಗಿ ನೋಡುವ ಪ್ರೋಬ್. ಈ ವರ್ಗದ ಉಪಕರಣಗಳು ತಯಾರಕರು ಬದಲಾದರೂ ಭೌತಿಕ ರಚನೆಯಲ್ಲಿ ಒಂದನ್ನೊಂದು ಬಹಳವಾಗಿ ಹೋಲುವುದರಿಂದ ಹೆಸರು ಹಿಡಿದು ಹೇಳುವ ಅಗತ್ಯವಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹರಿವಿನ ನಡುಭಾಗದಲ್ಲಿ ಪ್ರಕ್ಷುಬ್ಧತೆಯನ್ನು, ಅಂದರೆ ವೇಗದ ಕ್ಷಣಕ್ಷಣದ ಏರಿಳಿತವನ್ನು, ಅಳೆಯಲು ಇಷ್ಟು ಸುಲಭವೂ ಇಷ್ಟು ನಂಬಲರ್ಹವೂ ಆದ ಇನ್ನೊಂದು ಸಾಧನ ಸಿಗುವುದು ಕಷ್ಟ. ಆದರೆ ಹೂಳು ನಿಜವಾಗಿ ಸಾಗುವ ತಳದ ಕೊನೆಯ ಒಂದು ಸೆಂಟಿಮೀಟರ್‌ನಲ್ಲಿ ಅದರ ದೃಷ್ಟಿ ಮಂಜಾಗುತ್ತದೆ, ಮತ್ತು ಕೈಪಿಡಿಯಲ್ಲಿ ಈ ವಿಷಯಕ್ಕೆ ಸಿಗಬೇಕಾದಷ್ಟು ಜಾಗ ಸಿಗುವುದಿಲ್ಲ.

ಉಪಕರಣ ಹುಟ್ಟಿದ್ದು 1990ರ ದಶಕದ ಆರಂಭದಲ್ಲಿ, ಅಮೆರಿಕದ ಸೇನಾ ಎಂಜಿನಿಯರ್‌ಗಳ ದಳದ ವಾಟರ್‌ವೇಸ್ ಎಕ್ಸ್‌ಪೆರಿಮೆಂಟ್ ಸ್ಟೇಷನ್‌ನ ಅಗತ್ಯಕ್ಕಾಗಿ. ಅದಕ್ಕೂ ಮೊದಲು ಪ್ರಕ್ಷುಬ್ಧತೆಯನ್ನು ಅಳೆಯಬೇಕೆಂದವರಿಗೆ ಇದ್ದ ಆಯ್ಕೆಗಳು ಮುಖ್ಯವಾಗಿ ಎರಡು. ಹಾಟ್-ಫಿಲ್ಮ್ ಸಂವೇದಕ ನೀರಿನಲ್ಲಿನ ಕೊಳೆಗೆ ಹೆದರುತ್ತಿತ್ತು. ಲೇಸರ್ ಡಾಪ್ಲರ್‌ಗೆ ತಿಳಿನೀರು, ಗಾಜಿನ ಗೋಡೆ ಮತ್ತು ಅಪಾರ ತಾಳ್ಮೆ ಬೇಕಿತ್ತು. ಹೂಳು ತುಂಬಿದ ಕದಡಿದ ನೀರಿನಲ್ಲಿ ಇವೆರಡೂ ನಿರುಪಯುಕ್ತ. ಶಬ್ದಕ್ಕೆ ಕದಡಿದ ನೀರು ಅಡ್ಡಿಯಲ್ಲ, ಒಂದು ಮಟ್ಟದವರೆಗೆ ಅದು ಅನುಕೂಲವೇ. ಟ್ರಾನ್ಸ್‌ಮಿಟರ್ ಒಂದರ ಹಿಂದೆ ಒಂದರಂತೆ ಎರಡು ಶಬ್ದ ಸ್ಪಂದನಗಳನ್ನು ಕಳಿಸುತ್ತದೆ. ಪ್ರೋಬ್‌ನ ಮುಖದಿಂದ ಸುಮಾರು 5 ಸೆಂ.ಮೀ. ಕೆಳಗಿರುವ, ಸುಮಾರು 6 ಮಿ.ಮೀ. ವ್ಯಾಸದ ಪುಟ್ಟ ಉರುಳೆಯಾಕಾರದ ಜಾಗದಲ್ಲಿ ತೇಲುತ್ತಿರುವ ಕಣಗಳು ಆ ಶಬ್ದವನ್ನು ಚದುರಿಸುತ್ತವೆ. ರಿಸೀವರ್‌ಗಳು ಎರಡು ಪ್ರತಿಧ್ವನಿಗಳ ನಡುವಿನ ಫೇಸ್ (ಅಲೆಯ ಏರಿಳಿತದ ಹಂತ) ವ್ಯತ್ಯಾಸದಿಂದ ವೇಗವನ್ನು ಲೆಕ್ಕ ಹಾಕುತ್ತವೆ. ಅಂದರೆ ಈ ಉಪಕರಣ ಅಳೆಯುವುದು ನೀರಿನ ವೇಗವನ್ನಲ್ಲ, ನೀರಿನಲ್ಲಿರುವ ಕಣಗಳ ವೇಗವನ್ನು. ಹೂಳಿನ ಪ್ರಯೋಗದಲ್ಲಿ ಈ ಮಾತು ಎಷ್ಟು ದೂರ ಹೋಗುತ್ತದೆ ಎಂಬುದನ್ನು ಮುಂದೆ ನೋಡೋಣ.

ಪೆಟ್ಟಿಗೆಯಲ್ಲಿ ಬರುವುದು ಪ್ರೋಬ್, ಸಿಗ್ನಲ್ ಸಂಸ್ಕರಿಸುವ ಘಟಕ, ಕೇಬಲ್ ಮತ್ತು ತಂತ್ರಾಂಶ. ಪ್ರೋಬ್ ಗಟ್ಟಿಯಾದ ಕಂಬಿಯ ಮೇಲೂ ಬಾಗುವ ಕೇಬಲ್‌ನ ತುದಿಯಲ್ಲೂ ಸಿಗುತ್ತದೆ. ಫ್ಲೂಮ್‌ನಲ್ಲಿ ಕೆಲಸ ಮಾಡುವವರು ಯಾವ ಅನುಮಾನವೂ ಇಲ್ಲದೆ ಗಟ್ಟಿ ಕಂಬಿಯದನ್ನೇ ಆರಿಸಿಕೊಳ್ಳಬೇಕು. ಬಾಗುವ ಕೇಬಲ್‌ನದು ಇಕ್ಕಟ್ಟಾದ ಜಾಗಕ್ಕೆ ನುಗ್ಗುತ್ತದೆ ಎಂಬುದು ನಿಜ, ಆದರೆ ಅದನ್ನು ಹಿಡಿದು ನಿಲ್ಲಿಸುವ ಕ್ಲ್ಯಾಂಪ್ ಸ್ವಲ್ಪ ವಾಲಿದರೂ ರೆನಾಲ್ಡ್ಸ್ ಪ್ರತಿಬಲದ (ಹರಿವಿನ ದಿಕ್ಕಿನ ಮತ್ತು ಲಂಬ ದಿಕ್ಕಿನ ವೇಗದ ಏರಿಳಿತಗಳ ಗುಣಲಬ್ಧದ ಸರಾಸರಿಯಿಂದ ಸಿಗುವ ಪ್ರತಿಬಲ) ಲೆಕ್ಕ ಕೆಡುತ್ತದೆ. ಎಷ್ಟು ಕೆಡುತ್ತದೆ ಎಂಬುದನ್ನು ಅಂದಾಜು ಮಾಡುವುದು ಸುಲಭ. ಪ್ರೋಬ್ ಹರಿವಿನ ದಿಕ್ಕಿನಲ್ಲಿ ಒಂದು ಡಿಗ್ರಿ ವಾಲಿದರೆ, ಹರಿವಿನ ದಿಕ್ಕಿನ ಹಾಗೂ ಲಂಬ ದಿಕ್ಕಿನ ಏರಿಳಿತಗಳ ವೇರಿಯನ್ಸ್‌ಗಳ (ಏರಿಳಿತದ ವರ್ಗದ ಸರಾಸರಿ) ವ್ಯತ್ಯಾಸದ ಶೇಕಡ 1.75ರಷ್ಟು ಭಾಗ ನೇರವಾಗಿ ಪ್ರತಿಬಲದೊಳಗೆ ಸೇರಿಕೊಳ್ಳುತ್ತದೆ. ತಳದ ಬಳಿ ಆ ವ್ಯತ್ಯಾಸವು ಘರ್ಷಣ ವೇಗದ (ತಳದ ಪ್ರತಿಬಲವನ್ನು ವೇಗದ ರೂಪದಲ್ಲಿ ಹೇಳುವ ಅಳತೆ) ವರ್ಗದ ಎರಡೂವರೆ ಪಟ್ಟು ಇರುತ್ತದೆ ಎಂದಿಟ್ಟುಕೊಂಡರೆ, ಒಂದೇ ಡಿಗ್ರಿ ವಾಲುವಿಕೆಗೆ ಶೇಕಡ 4ಕ್ಕೂ ಮೇಲ್ಪಟ್ಟ ತಪ್ಪು ಬರುತ್ತದೆ. ಬರಿಗಣ್ಣಿಗೆ ಒಂದು ಡಿಗ್ರಿ ಕಾಣಿಸುವುದೇ ಇಲ್ಲ.

ಶೇಕಡ 4 ಎಂದರೆ ಅಷ್ಟೇನೂ ಅಲ್ಲವಲ್ಲ ಎಂದು ಕೇಳುವವರಿಗೆ ಒಂದು ಲೆಕ್ಕವನ್ನು ಮುಂದಿಡುತ್ತೇನೆ, ಏಕೆಂದರೆ ಈ ಉಪಕರಣದ ಬೆಲೆ ಸಾರ್ಥಕವಾಗುವುದೂ ವ್ಯರ್ಥವಾಗುವುದೂ ಇಲ್ಲಿಯೇ. ನೀರಿನ ಆಳ 15 ಸೆಂ.ಮೀ., ಕಾಲುವೆಯ ಇಳಿಜಾರು ಸಾವಿರಕ್ಕೆ ಒಂದು, ತಳದಲ್ಲಿ 2 ಮಿ.ಮೀ. ವ್ಯಾಸದ ಒಂದೇ ಗಾತ್ರದ ಹರಳುಗಳಿವೆ ಎಂದುಕೊಳ್ಳೋಣ. ಅಗಲವಾದ ಕಾಲುವೆಯಲ್ಲಿ ತಳದ ಶಿಯರ್ ಪ್ರತಿಬಲ, ಅಂದರೆ ಹರಿವು ತಳವನ್ನು ಉಜ್ಜಿ ಎಳೆಯುವ ಪ್ರತಿಬಲ, ಸುಮಾರು 1.47 ಪ್ಯಾಸ್ಕಲ್, ಘರ್ಷಣ ವೇಗ ಸೆಕೆಂಡಿಗೆ 3.8 ಸೆಂ.ಮೀ. ಇದನ್ನು 1936ರಲ್ಲಿ ಶೀಲ್ಡ್ಸ್ ರೂಪಿಸಿದ, ತಳದ ಪ್ರತಿಬಲವನ್ನು ಕಣದ ತೂಕದೊಂದಿಗೆ ಹೋಲಿಸುವ ಆಯಾಮರಹಿತ ಸಂಖ್ಯೆಗೆ ಬದಲಿಸಿದರೆ 0.045 ಬರುತ್ತದೆ. ಮೇಯರ್-ಪೀಟರ್ ಮತ್ತು ಮುಲ್ಲರ್ 1948ರಲ್ಲಿ ಕೊಟ್ಟ ಸೂತ್ರದ ಪ್ರಕಾರ 0.047ನ್ನು ದಾಟುವವರೆಗೆ ಹೂಳಿನ ಸಾಗಣೆ ಸೊನ್ನೆ. ಅಂದರೆ ಸೂತ್ರದ ಲೆಕ್ಕದಲ್ಲಿ ಈ ತಳ ಕದಲುವುದಿಲ್ಲ. ಈಗ ಅಳತೆಯಲ್ಲಿ ಪ್ರತಿಬಲ ಶೇಕಡ 10ರಷ್ಟು ಹೆಚ್ಚಾಗಿ ಬಂದಿತೆನ್ನಿ, ಸಂಖ್ಯೆ 0.050ಕ್ಕೆ ಏರಿ ಸಾಗಣೆ ಶುರುವಾಗುತ್ತದೆ. ಶೇಕಡ 20ರಷ್ಟು ಹೆಚ್ಚಾಗಿ ಬಂದರೆ ಸಾಗಣೆಯ ಲೆಕ್ಕ ಅದರ ನಾಲ್ಕು ಪಟ್ಟಾಗುತ್ತದೆ. ಕದಲುವ ಅಂಚಿನಲ್ಲಿ ನಿಂತ ತಳಕ್ಕೆ ಪ್ರತಿಬಲದಲ್ಲಿನ ಸಣ್ಣ ತಪ್ಪು ಹೂಳಿನ ಅಂದಾಜಿನಲ್ಲಿ ದೊಡ್ಡ ತಪ್ಪಾಗಿ ಬೆಳೆಯುತ್ತದೆ. ಹಾಗಾಗಿ ಎಡಿವಿಯ ಬಗ್ಗೆ ಕೇಳಬೇಕಾದ ಪ್ರಶ್ನೆ ಅದು ವೇಗವನ್ನು ಎಷ್ಟು ನಿಖರವಾಗಿ ಅಳೆಯುತ್ತದೆ ಎಂಬುದಷ್ಟೇ ಆಗಬಾರದು. ವೇಗದ ಏರಿಳಿತಗಳ ಪೈಕಿ ಯಾವುದನ್ನು ಎಷ್ಟು ನಂಬಬಹುದು ಎಂದು ಬಿಡಿಸಿ ಕೇಳಬೇಕು.

ಈ ಪ್ರಶ್ನೆಗೆ ಉತ್ತರ ಪ್ರೋಬ್‌ನ ರೇಖಾಗಣಿತದಲ್ಲಿದೆ. ರಿಸೀವರ್‌ಗಳು ಲಂಬ ಅಕ್ಷಕ್ಕೆ ಸುಮಾರು 30 ಡಿಗ್ರಿ ಓರೆಯಾಗಿ ಕುಳಿತಿರುತ್ತವೆ, ಹಾಗಾಗಿ ಪ್ರತಿಯೊಂದು ರಿಸೀವರ್ ಗ್ರಹಿಸುವುದು ಲಂಬಕ್ಕೆ 15 ಡಿಗ್ರಿ ಓರೆಯಲ್ಲಿರುವ ವೇಗದ ಭಾಗವನ್ನು. ಎದುರುಬದುರಿನ ಎರಡು ರಿಸೀವರ್‌ಗಳ ಓದುಗಳನ್ನು ಕೂಡಿದರೆ ಲಂಬ ವೇಗ, ಕಳೆದರೆ ಹರಿವಿನ ದಿಕ್ಕಿನ ವೇಗ. ಕೂಡುವಾಗ ನಾಯ್ಸ್ (ಉಪಕರಣವೇ ಓದಿಗೆ ಸೇರಿಸುವ ಯಾದೃಚ್ಛಿಕ ತಪ್ಪು) ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಕಳೆಯುವಾಗ 15 ಡಿಗ್ರಿಯ ಸೈನ್ ಎಂಬ ಚಿಕ್ಕ ಸಂಖ್ಯೆಯಿಂದ ಭಾಗಿಸಬೇಕಾದ್ದರಿಂದ ಹಿಗ್ಗುತ್ತದೆ. ಇದರ ಫಲವಾಗಿ ಲಂಬ ವೇಗದಲ್ಲಿನ ನಾಯ್ಸ್ ಅಡ್ಡ (ತಳಕ್ಕೆ ಸಮಾಂತರವಾದ) ವೇಗಗಳಲ್ಲಿನ ನಾಯ್ಸ್‌ನ ಸುಮಾರು ನಾಲ್ಕನೇ ಒಂದು ಭಾಗವಷ್ಟೇ ಇರುತ್ತದೆ. ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಸಂಗತಿಯಿದೆ. ನಾಲ್ಕೂ ರಿಸೀವರ್‌ಗಳ ನಾಯ್ಸ್ ಒಂದೇ ಪ್ರಮಾಣದ್ದಾಗಿದ್ದರೆ, ಅಡ್ಡ ವೇಗದ ನಾಯ್ಸ್ ಮತ್ತು ಲಂಬ ವೇಗದ ನಾಯ್ಸ್‌ಗಳ ಗುಣಲಬ್ಧದ ಸರಾಸರಿ ಸೊನ್ನೆಯಾಗುತ್ತದೆ. ಆದ್ದರಿಂದ ರೆನಾಲ್ಡ್ಸ್ ಪ್ರತಿಬಲದ ಸರಾಸರಿಗೆ ನಾಯ್ಸ್ ಅಂಟುವುದಿಲ್ಲ. ಹರಿವಿನ ದಿಕ್ಕಿನ ಏರಿಳಿತದ ತೀವ್ರತೆಗೆ ಮಾತ್ರ ಪೂರ್ತಿಯಾಗಿ ಅಂಟುತ್ತದೆ. ಎಡಿವಿಯನ್ನು ಇಷ್ಟಪಡಲು ನನಗಿರುವ ದೊಡ್ಡ ಕಾರಣ ಇದೇ: ಹೂಳಿನ ಲೆಕ್ಕಕ್ಕೆ ನಮಗೆ ಅತಿ ಹೆಚ್ಚು ಬೇಕಾದ ಪ್ರತಿಬಲವನ್ನೇ ಅದು ತನ್ನ ರಚನೆಯ ಬಲದಿಂದ ಕಾಪಾಡುತ್ತದೆ.

ಇದನ್ನು ಪರೀಕ್ಷಿಸಿ ನೋಡುವ ದಾರಿ ಕಷ್ಟದ್ದಲ್ಲ. ಸಮರೂಪದ (ಉದ್ದಕ್ಕೂ ಆಳ, ವೇಗ ಬದಲಾಗದ) ಹರಿವಿನಲ್ಲಿ, ಗೋಡೆಗಳಿಂದ ದೂರದಲ್ಲಿ, ಆಳದ ಬೇರೆ ಬೇರೆ ಮಟ್ಟಗಳಲ್ಲಿ ಅಳೆದು, ಏರಿಳಿತಗಳ ತೀವ್ರತೆ ಮೇಲಕ್ಕೆ ಹೋದಂತೆ ಘಾತೀಯವಾಗಿ ಇಳಿಯುತ್ತದೆ ಎಂಬ ನೆಜು ಮತ್ತು ನಕಗಾವ ಅವರ ಸಂಬಂಧದ ಪಕ್ಕದಲ್ಲಿಟ್ಟು ನೋಡಬೇಕು. ಅದರಲ್ಲಿ ಹರಿವಿನ ದಿಕ್ಕಿಗೆ ಗುಣಾಂಕ 2.30, ಲಂಬ ದಿಕ್ಕಿಗೆ 1.27. ಲಂಬ ದಿಕ್ಕಿನ ಬಿಂದುಗಳು ರೇಖೆಯ ಮೇಲೆ ಒಪ್ಪವಾಗಿ ಕೂರುತ್ತವೆ. ಹರಿವಿನ ದಿಕ್ಕಿನವು ಮೇಲಕ್ಕೆ ಹೋದಂತೆಲ್ಲ ರೇಖೆಯನ್ನು ಬಿಟ್ಟು ಎತ್ತರದಲ್ಲಿ ನಿಲ್ಲುತ್ತವೆ. ಏಕೆಂದರೆ ಮೇಲೆ ನಿಜವಾದ ಪ್ರಕ್ಷುಬ್ಧತೆ ತಗ್ಗುತ್ತದೆ, ನಾಯ್ಸ್ ತಗ್ಗುವುದಿಲ್ಲ.

ಈ ನಾಯ್ಸ್ ಎಷ್ಟೆಂಬುದು ಬಹುಪಾಲು ಬಳಸುವವರ ಕೈಯಲ್ಲೇ ಇದೆ. ತಂತ್ರಾಂಶದಲ್ಲಿ ವೇಗದ ವ್ಯಾಪ್ತಿಯನ್ನು ಆರಿಸುವ ಒಂದು ಪಟ್ಟಿ ಇರುತ್ತದೆ, ಮತ್ತು ಅಡ್ಡ ವೇಗದ ನಾಯ್ಸ್ ಸ್ಥೂಲವಾಗಿ ಆರಿಸಿದ ವ್ಯಾಪ್ತಿಯ ಶೇಕಡ 1ರಷ್ಟಿರುತ್ತದೆ. ಮೇಲಿನ ಉದಾಹರಣೆಯ ಕಾಲುವೆಯಲ್ಲಿ ಸರಾಸರಿ ವೇಗ ಸೆಕೆಂಡಿಗೆ 55 ಸೆಂ.ಮೀ. ಆಸುಪಾಸಿನಲ್ಲಿರುತ್ತದೆ. ಅದಕ್ಕೆ 100 ಸೆಂ.ಮೀ.ನ ವ್ಯಾಪ್ತಿ ಸಾಕು. ಯಾವುದಕ್ಕೂ ಇರಲಿ ಎಂದು 250 ಸೆಂ.ಮೀ.ನ ವ್ಯಾಪ್ತಿಯನ್ನು ಆರಿಸಿದರೆ, ಆಳದ ಐದನೇ ಒಂದು ಭಾಗದ ಎತ್ತರದಲ್ಲಿ ವೇರಿಯನ್ಸ್ ಸುಮಾರು ಶೇಕಡ 12ರಷ್ಟು, ಐದನೇ ಮೂರು ಭಾಗದ ಎತ್ತರದಲ್ಲಿ ಕಾಲು ಭಾಗಕ್ಕೂ ಹೆಚ್ಚಾಗಿ ಉಬ್ಬುತ್ತದೆ. 100ರ ವ್ಯಾಪ್ತಿಯಲ್ಲಿ ಇವೇ ಅಂಕಿಗಳು ಶೇಕಡ 2 ಮತ್ತು 4. ಹಾಗೆಂದು ವ್ಯಾಪ್ತಿಯನ್ನು ತೀರಾ ಕಿರಿದು ಮಾಡಿದರೆ ಫೇಸ್ ತನ್ನ ಮಿತಿಯನ್ನು ದಾಟಿ ಮಡಚಿಕೊಳ್ಳುತ್ತದೆ, ವೇಗದ ದಾಖಲೆಯಲ್ಲಿ ಒಮ್ಮೆಗೇ ಚಿಹ್ನೆ ಬದಲಾದ ಜಿಗಿತಗಳು ಕಾಣಿಸಿಕೊಳ್ಳುತ್ತವೆ. ಜಿಗಿತಗಳು ಕಣ್ಣಿಗೆ ರಾಚುವುದರಿಂದ ಸಿಕ್ಕಿಬೀಳುತ್ತವೆ. ಉಬ್ಬಿದ ವೇರಿಯನ್ಸ್ ಯಾರ ಕಣ್ಣಿಗೂ ಬೀಳದೆ ವರದಿಯೊಳಗೆ ಸೇರಿಬಿಡುತ್ತದೆ.

ಮಾರಾಟದ ಕರಪತ್ರಗಳಲ್ಲಿ ಅತ್ಯಂತ ದಪ್ಪ ಅಕ್ಷರದಲ್ಲಿ ಅಚ್ಚಾಗುವ ಅಂಕಿ ದಾಖಲೆಯ ದರ. ಮೊದಲ ತಲೆಮಾರಿನ ಉಪಕರಣಗಳು ಸೆಕೆಂಡಿಗೆ 25 ಓದುಗಳನ್ನು ಕೊಡುತ್ತಿದ್ದವು, ಈಗ 200ರವರೆಗೆ ಕೊಡುತ್ತವೆ. ಈ ಎಂಟು ಪಟ್ಟು ಏರಿಕೆಯಿಂದ ಎಂಟು ಪಟ್ಟು ಚಿಕ್ಕ ಸುಳಿಗಳು ಕಾಣಿಸುತ್ತವೆ ಎಂದು ಭಾವಿಸಬಾರದು. ಸೆಕೆಂಡಿಗೆ ಅರ್ಧ ಮೀಟರ್ ವೇಗದ ಹರಿವಿನಲ್ಲಿ 200ರ ದರಕ್ಕೆ ಸಿಗಬಹುದಾದ ಅತಿ ಚಿಕ್ಕ ಸುಳಿ 5 ಮಿ.ಮೀ.ನದು. ಅಳತೆಯ ಜಾಗವೇ 6 ಮಿ.ಮೀ. ಅಗಲವಿದೆ. ತನಗಿಂತ ಚಿಕ್ಕದಾದ ಸುಳಿಯನ್ನು ಆ ಜಾಗ ಸರಾಸರಿಯೊಳಗೆ ನುಂಗಿಬಿಡುತ್ತದೆ, ಅಲ್ಲಿಂದಾಚೆಗೆ ದಾಖಲಾಗುವುದು ಬಹುತೇಕ ನಾಯ್ಸ್. ಆದರೂ ಹೆಚ್ಚಿನ ದರಕ್ಕೆ ಒಂದು ಉಪಯೋಗವಿದೆ. ಸ್ಪೆಕ್ಟ್ರಮ್ (ಏರಿಳಿತದ ಶಕ್ತಿ ಯಾವ ಆವರ್ತನದಲ್ಲಿ ಎಷ್ಟಿದೆ ಎಂಬ ನಕ್ಷೆ) ಎಳೆದಾಗ ನಿಜವಾದ ಪ್ರಕ್ಷುಬ್ಧತೆಯ ಗುರುತಾದ ಕಾಲ್ಮಗೊರೋವ್‌ನ ಮೈನಸ್ 5/3ರ ಇಳಿಜಾರು ಎಲ್ಲಿ ಮುಗಿಯುತ್ತದೆ, ನಾಯ್ಸ್‌ನ ಮಟ್ಟಸವಾದ ಬಾಲ ಎಲ್ಲಿ ಶುರುವಾಗುತ್ತದೆ ಎಂಬುದು ಆಗ ಸ್ಪಷ್ಟವಾಗಿ ಕಾಣುತ್ತದೆ. ಆ ಬಾಲದ ಎತ್ತರವನ್ನು ಅಳೆದು ಒಟ್ಟು ವೇರಿಯನ್ಸ್‌ನಿಂದ ಕಳೆಯಬಹುದು. 25ರ ದರದಲ್ಲಿ ಬಾಲ ಚೌಕಟ್ಟಿನಿಂದ ಹೊರಗೇ ಉಳಿದುಬಿಡುವುದುಂಟು.

ಇನ್ನು ನೀರಿನ ವಿಚಾರ. ಶುದ್ಧ ನೀರಿನಲ್ಲಿ ಈ ಉಪಕರಣ ಕುರುಡು. ಸುಮಾರು 10 ಮೈಕ್ರಾನ್‌ನ ಟೊಳ್ಳು ಗಾಜಿನ ಗೋಲಿಗಳನ್ನು ನೀರಿಗೆ ಬೆರೆಸುವುದು ರೂಢಿ, ನುಣ್ಣನೆಯ ಮಣ್ಣಿನ ಕಣಗಳಿಂದಲೂ ಕೆಲಸ ನಡೆಯುತ್ತದೆ. ಪ್ರಕ್ಷುಬ್ಧತೆಯ ಅಳತೆಗೆ ಸಿಗ್ನಲ್-ನಾಯ್ಸ್ ಅನುಪಾತ 15 ಡೆಸಿಬೆಲ್‌ಗಿಂತ ಹೆಚ್ಚಿರಬೇಕು, ಕೋರಿಲೇಷನ್ (ಎರಡು ಪ್ರತಿಧ್ವನಿಗಳು ಒಂದನ್ನೊಂದು ಹೋಲುವ ಮಟ್ಟ) ಶೇಕಡ 70ನ್ನು ದಾಟಿರಬೇಕು ಎಂಬುದು ಎಲ್ಲರೂ ಪಾಲಿಸುವ ಸ್ಥೂಲ ನಿಯಮ. ಈ ಎರಡು ಸಂಖ್ಯೆಗಳನ್ನು ನಾಲ್ಕೂ ರಿಸೀವರ್‌ಗಳಿಗೆ ಬೇರೆ ಬೇರೆಯಾಗಿ, ಅಳತೆ ನಡೆಯುತ್ತಿರುವಾಗಲೇ ಪರದೆಯ ಮೇಲೆ ತೋರಿಸುವುದು ತಂತ್ರಾಂಶದ ಅತ್ಯಂತ ಉಪಯುಕ್ತ ಗುಣ. ಹೊಸದಾಗಿ ನೀರು ತುಂಬಿಸಿದ ಫ್ಲೂಮ್‌ನಲ್ಲಿ ನೀರು ಕೋಣೆಯ ಉಷ್ಣತೆಗೆ ಬರುತ್ತಿದ್ದಂತೆ ಕರಗಿದ್ದ ಗಾಳಿ ಹೊರಬಂದು ಸಾಸಿವೆಗಿಂತಲೂ ಸಣ್ಣ ಗುಳ್ಳೆಗಳಾಗಿ ರಿಸೀವರ್‌ಗಳ ಮುಖಕ್ಕೆ ಅಂಟಿಕೊಳ್ಳುತ್ತದೆ. ಆಗ ಮೂರು ರಿಸೀವರ್‌ಗಳ ಕೋರಿಲೇಷನ್ 90ರ ಮೇಲೆ ಸ್ಥಿರವಾಗಿರುವಾಗ ನಾಲ್ಕನೆಯದು ಮಾತ್ರ ಮೆಲ್ಲಗೆ ಜಾರುತ್ತಾ 60ಕ್ಕೆ ಬರುತ್ತದೆ. ಬೆರಳ ತುದಿಯಿಂದ ಆ ಮುಖವನ್ನು ಮೃದುವಾಗಿ ಸವರಿದರೆ ತಟ್ಟನೆ ಮೇಲೇರುತ್ತದೆ. ಇದನ್ನು ಗಮನಿಸದೆ ದಾಖಲಿಸಿದರೆ ಹಿಂದೆ ಹೇಳಿದ, ನಾಲ್ಕೂ ರಿಸೀವರ್‌ಗಳ ನಾಯ್ಸ್ ಸಮನಾಗಿದ್ದಾಗ ಮಾತ್ರ ಸಿಗುವ ರಕ್ಷಣೆ ತಪ್ಪಿಹೋಗಿ, ಪ್ರತಿಬಲದ ಅಂಕಿಯೂ ಕೆಡುತ್ತದೆ.

ಪಂಪಿನ ವೇಗವನ್ನು ನಿಯಂತ್ರಿಸುವ ಫ್ರೀಕ್ವೆನ್ಸಿ ಡ್ರೈವ್ ಇರುವ ಪ್ರಯೋಗಾಲಯಗಳಲ್ಲಿ ವಿದ್ಯುತ್ ಗದ್ದಲ ನೀರಿನ ಮೂಲಕವೇ ಪ್ರೋಬ್‌ಗೆ ತಲುಪುತ್ತದೆ. ಪಂಪು ನಿಲ್ಲಿಸಿದಾಗ ಮತ್ತು ನಡೆಯುವಾಗ ಹಿನ್ನೆಲೆಯ ಸಿಗ್ನಲ್ ಮಟ್ಟವನ್ನು ಹೋಲಿಸಿ ನೋಡಿದರೆ ಗೊತ್ತಾಗಿಬಿಡುತ್ತದೆ. ಫ್ಲೂಮ್‌ನ ಚೌಕಟ್ಟಿಗೂ ನೀರಿಗೂ ಸರಿಯಾದ ಅರ್ಥಿಂಗ್ ಕೊಟ್ಟರೆ ಬಹುತೇಕ ಶಮನವಾಗುತ್ತದೆ. ಉಷ್ಣತೆಯ ಸಂವೇದಕವನ್ನೂ ಒಮ್ಮೆ ಪ್ರತ್ಯೇಕ ಥರ್ಮಾಮೀಟರ್‌ನೊಂದಿಗೆ ಹೋಲಿಸಿ ನೋಡುವುದು ಒಳ್ಳೆಯದು, ಏಕೆಂದರೆ 10 ಡಿಗ್ರಿಯ ತಪ್ಪಿಗೆ ಶಬ್ದದ ವೇಗದಲ್ಲಿ, ಆ ಮೂಲಕ ಅಳೆದ ಎಲ್ಲ ವೇಗಗಳಲ್ಲಿ, ಶೇಕಡ 2ಕ್ಕೂ ಮಿಕ್ಕಿದ ತಪ್ಪು ಬರುತ್ತದೆ.

ಈಗ ನನ್ನ ಮುಖ್ಯ ದೂರಿಗೆ ಬರುತ್ತೇನೆ. ಅಳತೆಯ ಜಾಗಕ್ಕೆ ಎತ್ತರವೂ ಇದೆ, ಕೆಲವು ಮಿಲಿಮೀಟರ್‌ಗಳಷ್ಟು. ಅದರ ಕೆಳ ಅಂಚು ತಳವನ್ನು ಮುಟ್ಟಿದ ಕೂಡಲೇ ಕಣಗಳ ಕ್ಷೀಣ ಪ್ರತಿಧ್ವನಿಯನ್ನು ತಳದ ಗಟ್ಟಿ ಪ್ರತಿಧ್ವನಿ ಮುಳುಗಿಸಿಬಿಡುತ್ತದೆ. ತಳ ಅಲುಗಾಡುವುದಿಲ್ಲವಾದ್ದರಿಂದ ವೇಗದ ಓದು ಸೊನ್ನೆಯ ಕಡೆಗೆ ಎಳೆಯಲ್ಪಡುತ್ತದೆ. ತಳದಿಂದ ಇನ್ನೂ ಮೇಲೆ ಕೂಡ ಕೆಲವು ಮಟ್ಟಗಳಲ್ಲಿ, ಮೊದಲ ಸ್ಪಂದನ ತಳಕ್ಕೆ ಬಡಿದು ಹಿಂತಿರುಗುವ ಹೊತ್ತಿಗೆ ಎರಡನೆಯದು ಅಳತೆಯ ಜಾಗದಲ್ಲಿದ್ದರೆ ಎರಡೂ ಬೆರೆತು ಕೋರಿಲೇಷನ್ ಕುಸಿಯುತ್ತದೆ. ಆ ಮಟ್ಟಗಳು ಯಾವುವು ಎಂಬುದು ವೇಗದ ವ್ಯಾಪ್ತಿಯ ಆಯ್ಕೆಯನ್ನು ಅವಲಂಬಿಸಿರುವುದರಿಂದ ವ್ಯಾಪ್ತಿಯನ್ನು ಬದಲಿಸಿದರೆ ಕುರುಡು ಮಟ್ಟವೂ ಜಾಗ ಬದಲಿಸುತ್ತದೆ. ಒಟ್ಟಿನಲ್ಲಿ ತಳದಿಂದ ಸುಮಾರು ಒಂದು ಸೆಂಟಿಮೀಟರ್ ಒಳಗಿನ ಪ್ರಕ್ಷುಬ್ಧತೆಯ ಅಂಕಿಗಳನ್ನು ನಾನು ಯಾವ ತೀರ್ಮಾನಕ್ಕೂ ಬಳಸುವುದಿಲ್ಲ. ಹೂಳಿನ ದೃಷ್ಟಿಯಿಂದ ಇದರ ಅರ್ಥವೇನು? 2 ಮಿ.ಮೀ.ನ ಹರಳು ತಳದ ಮೇಲೆ ಉರುಳುತ್ತಾ, ಪುಟಿಯುತ್ತಾ ಸಾಗುವಾಗ ಸಾಮಾನ್ಯವಾಗಿ ತನ್ನ ವ್ಯಾಸದ ಎರಡು ಮೂರು ಪಟ್ಟು ಎತ್ತರಕ್ಕೆ ಮಾತ್ರ ಏಳುತ್ತದೆ. ತಳದ ಹೂಳಿನ ಸಾಗಣೆ ಪೂರ್ತಿಯಾಗಿ ಉಪಕರಣ ಕಾಣದ ಪದರದೊಳಗೇ ನಡೆದುಹೋಗುತ್ತದೆ.

ಇದಕ್ಕೆ ಪರಿಹಾರವಾಗಿ ಸಮರೂಪದ ಹರಿವಿನಲ್ಲಿ ರೆನಾಲ್ಡ್ಸ್ ಪ್ರತಿಬಲ ಆಳದುದ್ದಕ್ಕೂ ನೇರ ರೇಖೆಯಲ್ಲಿ ಬದಲಾಗುತ್ತದೆ ಎಂಬ ಸಂಗತಿಯನ್ನು ನೆಚ್ಚಿಕೊಳ್ಳುತ್ತೇವೆ. ಆಳದ ಐದನೇ ಒಂದು ಭಾಗದಿಂದ ಮೇಲಕ್ಕೆ ಅಳೆದ ಬಿಂದುಗಳಿಗೆ ರೇಖೆ ಎಳೆದು ತಳದವರೆಗೆ ವಿಸ್ತರಿಸುತ್ತೇವೆ. ಸಮತಟ್ಟಾದ ತಳಕ್ಕೆ, ಅಗಲ ಆಳದ ಐದು ಪಟ್ಟಿಗಿಂತ ಹೆಚ್ಚಿರುವ ಕಾಲುವೆಗೆ ಇದು ಒಳ್ಳೆಯ ಫಲ ಕೊಡುತ್ತದೆ. ಅಗಲ ಅದಕ್ಕಿಂತ ಕಿರಿದಾದರೆ ಗೋಡೆಗಳಿಂದ ಹುಟ್ಟುವ ಅಡ್ಡ ಸುಳಿಗಳು ಗರಿಷ್ಠ ವೇಗವನ್ನು ಮೇಲ್ಮೈಯಿಂದ ಕೆಳಕ್ಕೆ ತಳ್ಳಿ, ರೇಖೆಯನ್ನೂ ಬಾಗಿಸುತ್ತವೆ. ತಳದಲ್ಲಿ ಮರಳಿನ ದಿಬ್ಬಗಳು ಎದ್ದಿದ್ದರಂತೂ ಈ ವಿಧಾನವನ್ನು ಕೈಬಿಡಬೇಕಾಗುತ್ತದೆ. ದಿಬ್ಬದ ತುದಿಯಿಂದ ಹರಿವು ಕಳಚಿಕೊಂಡು ಹೋಗುವಲ್ಲಿ ಪ್ರತಿಬಲದ ಶಿಖರ ದಿಬ್ಬದ ಎತ್ತರದಲ್ಲೇ ಇರುತ್ತದೆ. ಅಲ್ಲಿಂದ ತಳಕ್ಕೆ ರೇಖೆ ಎಳೆದರೆ ಬರುವುದು ದಿಬ್ಬದ ಆಕಾರದಿಂದ ಹುಟ್ಟಿದ ಎಳೆತವೂ ಸೇರಿದ ಮೊತ್ತ, ಆದರೆ ಕಣವನ್ನು ಉರುಳಿಸುವುದು ತಳದ ಮೈಯ ಘರ್ಷಣೆಯ ಪಾಲು ಮಾತ್ರ. ಇಂಥ ಕಡೆ ಕೆಲವರು ಒಟ್ಟು ಪ್ರಕ್ಷುಬ್ಧ ಶಕ್ತಿಯನ್ನು 0.19ರಿಂದ ಗುಣಿಸಿ ಪ್ರತಿಬಲವನ್ನು ಅಂದಾಜು ಮಾಡುತ್ತಾರೆ. ಆ ಮೊತ್ತದಲ್ಲಿ ಅಡ್ಡ ವೇಗಗಳ ನಾಯ್ಸ್ ತುಂಬಿರುವುದರಿಂದ, ಲಂಬ ವೇಗದ ವೇರಿಯನ್ಸ್ ಒಂದನ್ನೇ 0.9ರಿಂದ ಗುಣಿಸುವ ವಿಧಾನವನ್ನು ನಾನು ಹೆಚ್ಚು ನಂಬುತ್ತೇನೆ. ಉಪಕರಣ ಅತ್ಯುತ್ತಮವಾಗಿ ಅಳೆಯುವ ಸಂಗತಿಯನ್ನೇ ಅದು ಆಧರಿಸಿದೆ.

ಸರಾಸರಿ ಪ್ರತಿಬಲವೊಂದೇ ಕಣವನ್ನು ಕದಲಿಸುವುದಿಲ್ಲ ಎಂಬುದು ಈ ಕ್ಷೇತ್ರದವರಿಗೆ ಬಹುಕಾಲದಿಂದ ಗೊತ್ತು. ಮೇಲಿನಿಂದ ವೇಗದ ನೀರು ತಳಕ್ಕೆ ಎರಗುವ ಸ್ವೀಪ್‌ಗಳು, ತಳದ ನಿಧಾನದ ನೀರು ಮೇಲಕ್ಕೆ ಚಿಮ್ಮುವ ಇಜೆಕ್ಷನ್‌ಗಳು, ಇವೆರಡೂ ಸರಾಸರಿ ಪ್ರತಿಬಲಕ್ಕೆ ಒಂದೇ ಚಿಹ್ನೆಯ ಕಾಣಿಕೆಯನ್ನು ಕೊಡುತ್ತವೆ, ಆದರೆ ಹೂಳಿಗೆ ಮಾಡುವುದು ಬೇರೆ ಬೇರೆ. ಸ್ವೀಪ್ ತಳದ ಕಣವನ್ನು ಮುಂದಕ್ಕೆ ತಳ್ಳುತ್ತದೆ, ಇಜೆಕ್ಷನ್ ಸಣ್ಣ ಕಣವನ್ನು ಮೇಲಕ್ಕೆತ್ತಿ ತೇಲುವ ಹೂಳಾಗಿಸುತ್ತದೆ. ಒರಟು ತಳದ ಬಳಿ ಸ್ವೀಪ್‌ಗಳು ಮೇಲುಗೈ ಪಡೆಯುತ್ತವೆ. ಇವನ್ನು ಬೇರ್ಪಡಿಸುವ ಕ್ವಾಡ್ರಂಟ್ ವಿಶ್ಲೇಷಣೆಗೆ ಎಡಿವಿಯ ದಾಖಲೆ ಹೇಳಿಮಾಡಿಸಿದಂತಿದೆ, ಏಕೆಂದರೆ ಎರಡೂ ವೇಗಗಳು ಒಂದೇ ಜಾಗದಲ್ಲಿ ಒಂದೇ ಕ್ಷಣದಲ್ಲಿ ಸಿಗುತ್ತವೆ. ಆದರೆ ಬಲ ಎಷ್ಟು ಎಂಬುದರ ಜೊತೆಗೆ ಎಷ್ಟು ಹೊತ್ತು ಎಂಬುದೂ ಮುಖ್ಯ. ಬಲ ಮತ್ತು ಅವಧಿಯ ಗುಣಲಬ್ಧ ಒಂದು ಮಿತಿಯನ್ನು ದಾಟಿದಾಗ ಕಣ ಎದ್ದು ಹೊರಡುತ್ತದೆ ಎಂಬುದನ್ನು 2008ರಲ್ಲಿ ಡಿಪ್ಲಾಸ್ ಮತ್ತು ಸಹೋದ್ಯೋಗಿಗಳು ಪ್ರಯೋಗದಿಂದ ತೋರಿಸಿದ ಮೇಲೆ, ದಾಖಲೆಯಲ್ಲಿ ಘಟನೆಯ ಅವಧಿಯನ್ನು ಕೆಡಿಸುವ ಯಾವ ಸಂಸ್ಕರಣೆಯನ್ನೂ ಅನುಮಾನದಿಂದ ನೋಡಬೇಕಾಗಿದೆ.

ಆ ಅನುಮಾನ ಮೊದಲು ಹೋಗಬೇಕಾದದ್ದು ಸುಳ್ಳು ಜಿಗಿತಗಳನ್ನು ತೆಗೆದುಹಾಕುವ ಸೋಸುವಿಕೆಯ ಕಡೆಗೆ. 2002ರಲ್ಲಿ ಗೋರಿಂಗ್ ಮತ್ತು ನಿಕೋರಾ ರೂಪಿಸಿದ ವಿಧಾನ ಇಂದು ಬಹುತೇಕ ಎಲ್ಲೆಡೆ ಬಳಕೆಯಲ್ಲಿದೆ: ವೇಗ, ಅದರ ಮೊದಲ ಹಾಗೂ ಎರಡನೆಯ ವ್ಯತ್ಯಾಸಗಳನ್ನು ಮೂರು ಅಕ್ಷಗಳಲ್ಲಿಟ್ಟರೆ ನಿಜವಾದ ಓದುಗಳು ಒಂದು ಅಂಡಾಕಾರದೊಳಗೆ ಗುಂಪುಗೂಡುತ್ತವೆ, ಹೊರಗೆ ಬಿದ್ದವನ್ನು ತೆಗೆದು ಅಕ್ಕಪಕ್ಕದ ಓದುಗಳಿಂದ ತುಂಬಬೇಕು. ವಿಧಾನ ಸೊಗಸಾದದ್ದೇ. ತೊಂದರೆಯೆಂದರೆ, ಹೂಳು ಚಲಿಸುವ ತಳದ ಬಳಿ ನಿಜವಾದ ಸ್ವೀಪ್ ಕೂಡ ವಿರಳವೂ ತೀವ್ರವೂ ಆಗಿರುತ್ತದೆ, ಮತ್ತು ಗುಂಡಿ ಒತ್ತಿದಷ್ಟಕ್ಕೆ ಸೋಸಿಬಿಡುವ ತಂತ್ರಾಂಶ ಅದನ್ನೂ ಸುಳ್ಳು ಜಿಗಿತವೆಂದು ಬಗೆಯಬಹುದು. ಶೇಕಡ ಎಷ್ಟು ಓದುಗಳು ಬದಲಾದವು ಎಂಬುದನ್ನು ತಂತ್ರಾಂಶ ಹೇಳದಿದ್ದರೆ ಆ ಗುಂಡಿಯನ್ನು ಒತ್ತದಿರುವುದೇ ಕ್ಷೇಮ. ಮೂಲ ದಾಖಲೆಯನ್ನು ಹೊರತೆಗೆದು ಸ್ವಂತ ಪ್ರೋಗ್ರಾಮ್‌ನಲ್ಲಿ ಸೋಸಿ, ಮೊದಲಿನ ಮತ್ತು ನಂತರದ ಸ್ಪೆಕ್ಟ್ರಮ್‌ಗಳನ್ನು ಒಂದರ ಮೇಲೊಂದು ಇಟ್ಟು ನೋಡುವುದು ನನ್ನ ಪದ್ಧತಿ.

ಹೂಳು ತೇಲುತ್ತಿರುವ ನೀರಿನಲ್ಲಿ ಉಪಕರಣ ಕಣದ ವೇಗವನ್ನು ಹೇಳುತ್ತದೆ ಎಂಬ ಮಾತಿಗೆ ಮರಳುವುದಾದರೆ, 0.1 ಮಿ.ಮೀ.ನ ಮರಳು ನಿಂತ ನೀರಿನಲ್ಲಿ ಸೆಕೆಂಡಿಗೆ ಸುಮಾರು 8 ಮಿ.ಮೀ. ವೇಗದಲ್ಲಿ ಕೆಳಗಿಳಿಯುತ್ತದೆ. ಅಷ್ಟರಮಟ್ಟಿಗೆ ಲಂಬ ವೇಗದ ಸರಾಸರಿ ತಗ್ಗಿ ಬರುತ್ತದೆ, ಏರಿಳಿತಗಳನ್ನು ಮಾತ್ರ ಆ ಕಣ ಸಾಕಷ್ಟು ನಿಷ್ಠೆಯಿಂದ ಹಿಂಬಾಲಿಸುತ್ತದೆ. 2 ಮಿ.ಮೀ.ನ ಹರಳಿಗೆ ಅಂಥ ನಿಷ್ಠೆಯಿಲ್ಲ. ಅದು ಅಳತೆಯ ಜಾಗವನ್ನು ಹಾದುಹೋದ ಕ್ಷಣದಲ್ಲಿ ದಾಖಲಾಗುವುದು ಹರಳಿನ ವೇಗ, ನೀರಿನದಲ್ಲ.

ಪ್ರತಿಧ್ವನಿಯ ಬಲದಿಂದ ಹೂಳಿನ ಸಾಂದ್ರತೆಯನ್ನೂ ಅಳೆಯಬಹುದು ಎಂಬ ಪ್ರಚಾರವಿದೆ. ಒಂದೇ ಗಾತ್ರದ ಕಣಗಳಿಗೆ, ಸಾಂದ್ರತೆ ಕಡಿಮೆಯಿರುವಾಗ, ಬಾಟಲಿಯಲ್ಲಿ ಸಂಗ್ರಹಿಸಿದ ನೀರಿನ ಮಾದರಿಗಳೊಂದಿಗೆ ಹೊಂದಿಸಿಕೊಂಡರೆ ಇದು ನಿಜ. ವೇಗದ ಏರಿಳಿತ ಮತ್ತು ಸಾಂದ್ರತೆಯ ಏರಿಳಿತ ಒಂದೇ ಜಾಗದಲ್ಲಿ ಸಿಗುವುದರಿಂದ ತೇಲುವ ಹೂಳನ್ನು ಪ್ರಕ್ಷುಬ್ಧತೆ ಮೇಲಕ್ಕೆ ಒಯ್ಯುವ ದರವನ್ನು ನೇರವಾಗಿ ಲೆಕ್ಕ ಹಾಕಬಹುದು, ಇದು ಸಣ್ಣ ಲಾಭವೇನಲ್ಲ. ಆದರೆ ಕಣದ ಗಾತ್ರ ಬದಲಾದರೆ ಪ್ರತಿಧ್ವನಿಯೂ ಬದಲಾಗುತ್ತದೆ. 10 ಮೆಗಾಹರ್ಟ್ಸ್‌ನ ಶಬ್ದದ ಅಲೆಯುದ್ದ ನೀರಿನಲ್ಲಿ ಸುಮಾರು 0.15 ಮಿ.ಮೀ., ಹಾಗಾಗಿ ಸುಮಾರು 50 ಮೈಕ್ರಾನ್ ವ್ಯಾಸದ ಸುತ್ತಮುತ್ತ ಕಣಗಳು ಶಬ್ದವನ್ನು ಚದುರಿಸುವ ರೀತಿಯೇ ಬದಲಾಗುತ್ತದೆ. ನುಣುಪು ಮಣ್ಣು ಹಾಗೂ ಮರಳು ಬೆರೆತ ಹೂಳಿನಲ್ಲಿ ಪ್ರಮಾಣ ಹೆಚ್ಚಿತೋ, ಕಣ ದಪ್ಪವಾಯಿತೋ ಎಂದು ಒಂದೇ ಆವರ್ತನದ ಉಪಕರಣ ಹೇಳಲಾರದು. ಸಾಂದ್ರತೆ ಬಹಳ ಹೆಚ್ಚಿದರೆ ಶಬ್ದ ದಾರಿಯಲ್ಲೇ ಹೀರಲ್ಪಟ್ಟು ಪ್ರತಿಧ್ವನಿ ತಿರುಗಿ ಇಳಿಯುತ್ತದೆ.

ಒಂದೇ ಬಿಂದುವಿನ ಬದಲು 30 ಮಿ.ಮೀ. ಉದ್ದದ ಕಂಬವನ್ನು ಮಿಲಿಮೀಟರ್ ಮಿಲಿಮೀಟರ್ ಆಗಿ ಅಳೆಯುವ ಪ್ರೊಫೈಲರ್ ಮಾದರಿಯೂ ಬಂದಿದೆ. ತಳದ ಬಳಿಯ ಕೊರತೆಯನ್ನು ಅದು ನೀಗುತ್ತದೆ ಎಂಬ ಆಸೆಯಿಂದ ಕೊಳ್ಳುವವರಿದ್ದಾರೆ. ಟ್ರಾನ್ಸ್‌ಮಿಟರ್‌ನ ಮತ್ತು ರಿಸೀವರ್‌ಗಳ ಕಿರಣಗಳು ಸರಿಯಾಗಿ ಸಂಧಿಸುವುದು 5 ಸೆಂ.ಮೀ. ದೂರದ ಒಂದು ಬಿಂದುವಿನಲ್ಲಿ. ಅಲ್ಲಿಂದ ಮೇಲೆ ಕೆಳಗೆ ಸರಿದಂತೆ ನಾಯ್ಸ್ ಏರುತ್ತದೆ, ಪ್ರತಿಬಲದ ರೇಖೆ ತುದಿಗಳಲ್ಲಿ ಕಾರಣವಿಲ್ಲದೆ ಬಾಗುತ್ತದೆ. ದಿಬ್ಬಗಳು ಸರಿದುಹೋಗುವಾಗ ತಳದ ಮಟ್ಟವನ್ನು ವೇಗದೊಂದಿಗೇ ದಾಖಲಿಸಿಕೊಳ್ಳುವ ಅದರ ಗುಣ ಮಾತ್ರ ಬೆಲೆಯುಳ್ಳದ್ದು. ಸಮತಟ್ಟಾದ ಸ್ಥಿರ ತಳದ ಮೇಲಿನ ಕೆಲಸಕ್ಕೆ ಏಕಬಿಂದು ಮಾದರಿಯೇ ಸಾಕು.

ಕೆಳಮುಖ ಪ್ರೋಬ್ ನೀರಿನ ಮೇಲಿನ 5 ಸೆಂ.ಮೀ.ಯನ್ನು ನೋಡಲಾರದಾದ್ದರಿಂದ ಆಳ 10 ಸೆಂ.ಮೀ.ಗಿಂತ ಕಡಿಮೆಯಿರುವ ಫ್ಲೂಮ್ ಇಟ್ಟುಕೊಂಡವರು ಪಕ್ಕಕ್ಕೆ ನೋಡುವ ಪ್ರೋಬ್ ಕೊಳ್ಳುವುದು ಉತ್ತಮ. ಉಳಿದವರು ಹಣ ಕೊಡುವ ಮುನ್ನ ಮಾರಾಟಗಾರರಿಂದ ಬರೆದು ಪಡೆಯಬೇಕಾದ ಉತ್ತರಗಳು ಎರಡಿವೆ. ನಾಲ್ಕೂ ರಿಸೀವರ್‌ಗಳ ವೇಗ, ಪ್ರತಿಧ್ವನಿಯ ಬಲ ಮತ್ತು ಕೋರಿಲೇಷನ್‌ಗಳನ್ನು ಪ್ರತಿ ಓದಿಗೂ ಸಾದಾ ಪಠ್ಯದ ಕಡತವಾಗಿ ಹೊರತೆಗೆಯಲು ಸಾಧ್ಯವೇ ಎಂಬುದು ಮೊದಲನೆಯದು. ಪ್ರತಿ ಪ್ರೋಬ್‌ಗೂ ಪ್ರತ್ಯೇಕವಾಗಿ ತಯಾರಾಗುವ, ರಿಸೀವರ್‌ಗಳ ಓದನ್ನು ಮೂರು ದಿಕ್ಕಿನ ವೇಗಗಳಾಗಿ ಬದಲಿಸುವ ಮ್ಯಾಟ್ರಿಕ್ಸ್ ಉಪಕರಣದೊಂದಿಗೆ ಬರುತ್ತದೆಯೇ, ಪ್ರೋಬ್ ಎಲ್ಲಾದರೂ ತಾಗಿ ರಿಸೀವರ್‌ನ ತೋಳು ಕೂದಲೆಳೆಯಷ್ಟು ಬಾಗಿದರೆ ಅದನ್ನು ಮತ್ತೆ ಅಳೆದು ಹೊಸ ಮ್ಯಾಟ್ರಿಕ್ಸ್ ಕೊಡುತ್ತಾರೆಯೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ಇಲ್ಲ ಎಂಬ ಉತ್ತರ ಬಂದರೆ, ಉಳಿದ ಗುಣಗಳು ಎಷ್ಟೇ ಚೆನ್ನಾಗಿರಲಿ, ಹೂಳಿನ ಕೆಲಸಕ್ಕೆ ಆ ಉಪಕರಣವನ್ನು ನಾನು ಶಿಫಾರಸು ಮಾಡುವುದಿಲ್ಲ.